ಮಾಗಿ ಚಳಿಯಲ್ಲಿ ಹಕ್ಕಿ ನೋಡೋದು ಹೇಗೆ? ಮೈಸೂರು, ಮಂಡ್ಯದವರಿಗೆ ಒಂದು ಮಾರ್ಗದರ್ಶಿ

ಹಕ್ಕಿ ನೋಡಬೇಕು ಅಂದ್ರೆ ಬೆಳಗಿನ ಜಾವ ಐದಕ್ಕೆ ಎದ್ದು, ಕತ್ತಲಲ್ಲೇ ಕೆರೆ ಏರಿ ಮೇಲೆ ನಿಂತಿರಬೇಕು ಅನ್ನೋದು ಎಲ್ಲರೂ ಕೊಡುವ ಮೊದಲ ಸಲಹೆ. ಬೇಸಿಗೆಗೆ ಅದು ಸರಿ. ಡಿಸೆಂಬರ್, ಜನವರಿಯ ಮೈಕೊರೆಯುವ ಚಳಿಗೆ ಮಾತ್ರ ನಾನು ಅದನ್ನು ಒಪ್ಪುವುದಿಲ್ಲ. ಆ ಹೊತ್ತಿಗೆ ಹೋದರೆ ಕಾಣಿಸುವುದು ಬರೀ ಮಂಜು. ನೀವು ನಡುಗುತ್ತಾ ನಿಂತಿರುತ್ತೀರಿ, ಹಕ್ಕಿಗಳು ಇನ್ನೂ ಮುದುಡಿಕೊಂಡು ಕೂತಿರುತ್ತವೆ. ಚಳಿ ಜಾಸ್ತಿ ಇದ್ದ ದಿನ ಹಕ್ಕಿಗಳ ದಿನಚರಿಯೇ ಒಂದೆರಡು ಗಂಟೆ ಮುಂದಕ್ಕೆ ಹೋಗಿರುತ್ತದೆ. ನೀವೂ ಅದಕ್ಕೆ ಸರಿಯಾಗಿ ಹೊರಟರೆ ಆಯ್ತು.

ನಮ್ಮ ಕಡೆ ಚಳಿಗಾಲ ಕೆಡುವುದು ಎರಡು ಥರ. ಒಂದು ಒಣಚಳಿ. ಆಕಾಶದಲ್ಲಿ ಮೋಡ ಇರುವುದಿಲ್ಲ, ಗಾಳಿ ಆಡುವುದಿಲ್ಲ, ರಾತ್ರಿ ನೆಲದ ಕಾವೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ಬೆಳಿಗ್ಗೆ ಕೆರೆ, ಗದ್ದೆ, ನಾಲೆಗಳ ಮೇಲೆ ದಟ್ಟ ಮಂಜು. 2012ರ ಜನವರಿ 16ರಂದು ಮೈಸೂರಿನಲ್ಲಿ 7.7 ಡಿಗ್ರಿಗೆ ಇಳಿದಿತ್ತು. ಅಷ್ಟು ಇಳಿಯೋದು ಅಪರೂಪ, ಆದರೆ ಹತ್ತು, ಹನ್ನೆರಡು ಡಿಗ್ರಿಯ ಬೆಳಗು ನಮಗೆ ಹೊಸದಲ್ಲ. ಇನ್ನೊಂದು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಬರುವ ಥಂಡಿ. ಎರಡು ಮೂರು ದಿನ ಸೂರ್ಯನ ಮುಖವೇ ಕಾಣುವುದಿಲ್ಲ. ಜಿಟಿಜಿಟಿ ಮಳೆ, ಪೂರ್ವದ ಗಾಳಿ, ಒಗೆದ ಬಟ್ಟೆ ಒಣಗುವುದಿಲ್ಲ. 2024ರ ಡಿಸೆಂಬರ್ ಮೊದಲ ವಾರದಲ್ಲಿ ಫೆಂಗಲ್ ಚಂಡಮಾರುತದ ಮಳೆ ಮೈಸೂರು, ಮಂಡ್ಯಕ್ಕೂ ಬಂದದ್ದು ನೆನಪಿರಬಹುದು.

ಇವೆರಡರಲ್ಲಿ ಹಕ್ಕಿಗಳು ನಡೆದುಕೊಳ್ಳುವ ರೀತಿಯೇ ಬೇರೆ ಬೇರೆ. ಹಾಗಾಗಿ ಮೊದಲ ಕೆಲಸ, ನಾಳೆ ಯಾವ ಥರದ ದಿನ ಅಂತ ತಿಳಿದುಕೊಳ್ಳೋದು.

ಹಿಂದಿನ ರಾತ್ರಿ

ಹವಾಮಾನ ಇಲಾಖೆಯ ಮೌಸಮ್ ಆ್ಯಪ್‌ನಲ್ಲಿ ಮೂರು ವಿಷಯ ನೋಡಿ. ಕನಿಷ್ಠ ಉಷ್ಣಾಂಶ ಎಷ್ಟು, ಮೋಡ ಇದೆಯಾ, ಗಾಳಿ ಯಾವ ಕಡೆಯಿಂದ. ಆಕಾಶ ಶುಭ್ರ, ಗಾಳಿ ಇಲ್ಲ, ಕನಿಷ್ಠ ಹದಿಮೂರಕ್ಕಿಂತ ಕಡಿಮೆ ಅಂತಿದ್ದರೆ ಕೆರೆಯ ಹತ್ತಿರ ಮಂಜು ಖಾತ್ರಿ ಅಂದುಕೊಳ್ಳಿ. ಅಂಥ ದಿನ ಮನೆಯಿಂದ ಆರೂಕಾಲು, ಆರೂವರೆಗೆ ಹೊರಟರೆ ಸಾಕು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟೋದೇ ಆರೂಮುಕ್ಕಾಲರ ಹೊತ್ತಿಗೆ. ಮಂಜು ಕರಗಿ ಕೆರೆಯ ಆಚೆ ದಡ ಕಾಣುವಷ್ಟರಲ್ಲಿ ಎಂಟು ಗಂಟೆ ಆಗಿರುತ್ತದೆ. ಕೆ.ಆರ್.ಎಸ್. ಹಿನ್ನೀರಿನ ಕಡೆ ಒಂದೊಂದು ದಿನ ಒಂಬತ್ತೂ ಆಗಬಹುದು.

ಜೊತೆಯಲ್ಲಿ ಒಯ್ಯುವ ಸಾಮಾನಿನ ಬಗ್ಗೆ ಜಾಸ್ತಿ ಹೇಳಲ್ಲ. 8×42 ಬೈನಾಕ್ಯುಲರ್ (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಮಸೂರ 42 ಮಿ.ಮೀ. ಇರುವಂಥದ್ದು) ಇದ್ದರೆ ಚೆನ್ನಾಗಿ ನಡೆಯುತ್ತದೆ. ಮಂದ ಬೆಳಕಿನಲ್ಲಿ 8×25ರಂಥ ಚಿಕ್ಕ ಬೈನಾಕ್ಯುಲರ್ ಸೋಲುತ್ತದೆ, ಮಸೂರ ದೊಡ್ಡದಿದ್ದಷ್ಟೂ ಒಳ್ಳೆಯದು. ಚಳಿಗೆ ತಣ್ಣಗಾದ ಬೈನಾಕ್ಯುಲರ್‌ಗೆ ಉಸಿರು ತಾಗಿದರೆ ಗಾಜು ಮಸುಕಾಗುತ್ತದೆ. ಐದು ನಿಮಿಷ ಕುತ್ತಿಗೆಗೆ ನೇತುಹಾಕಿಕೊಂಡು ಸುಮ್ನೆ ನಡೆಯಿರಿ, ಸರಿಹೋಗುತ್ತದೆ. ಶಾಲಿನ ಸೆರಗಿನಿಂದ ಒರೆಸಬೇಡಿ, ಗೀರು ಬೀಳುತ್ತದೆ. ಕನ್ನಡಕದ ಬಟ್ಟೆ ಒಂದು ಜೇಬಿನಲ್ಲಿರಲಿ.

ಬಟ್ಟೆ ವಿಷಯದಲ್ಲಿ ಒಂದೇ ಮಾತು. ಸದ್ದು ಮಾಡುವ ಜಾಕೆಟ್ ಬೇಡ. ಆ ಸರಸರ ಸದ್ದು ಮಂಜಿನ ಮೌನದಲ್ಲಿ ಬಹಳ ದೂರ ಕೇಳುತ್ತದೆ. ಹಳೇ ಉಣ್ಣೆ ಸ್ವೆಟರ್, ಅದರ ಮೇಲೊಂದು ಮಾಸಲು ಬಣ್ಣದ ಶರಟು, ತಲೆಗೆ ಮಂಕಿ ಕ್ಯಾಪ್. ನೋಡಿದವರು ನಕ್ಕರೆ ನಗಲಿ. ಕ್ಯಾಪನ್ನು ಕಿವಿಯ ಮೇಲಕ್ಕೆ ಮಡಚಿಕೊಳ್ಳಿ, ಕಿವಿ ಮಾತ್ರ ಮುಚ್ಚಬೇಡಿ, ಮೊದಲ ಒಂದು ಗಂಟೆ ಕೆಲಸಕ್ಕೆ ಬರುವುದು ಅದೇ. ಒಂದು ಫ್ಲಾಸ್ಕ್ ಕಾಫಿ ಇರಲಿ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ದಾರಿಯಲ್ಲಿ ಎಚ್ಚರ

ಹಕ್ಕಿಗಿಂತ ಮೊದಲು ಇದನ್ನು ಹೇಳಿಬಿಡುತ್ತೇನೆ. ಮಂಡ್ಯ ಜಿಲ್ಲೆಯಲ್ಲಿ ನಾಲೆ ಏರಿಯ ರಸ್ತೆಗಳು ಹಕ್ಕಿ ನೋಡಲು ಬಲು ಚೆಂದ. ಆದರೆ ಎಷ್ಟೋ ಕಡೆ ತಡೆಗೋಡೆ ಇಲ್ಲ. ವಿಶ್ವೇಶ್ವರಯ್ಯ ನಾಲೆಗೆ ವಾಹನ ಬಿದ್ದು ಜನ ಸತ್ತದ್ದು ಒಂದೆರಡು ಸಲ ಅಲ್ಲ. ಮಂಜು ಬಿದ್ದಿರುವಾಗ ಏರಿಯ ರಸ್ತೆಗೆ ಇಳಿಯಲೇ ಬೇಡಿ. ಊರೊಳಗಿನ ಟೀ ಅಂಗಡಿಯಲ್ಲಿ ಕೂತು ಮಂಜು ಬಿಡುವವರೆಗೆ ಕಾಯಿರಿ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಇನ್ನೊಂದು ಅಪಾಯ. ಹಿಂದೆ ಕೆಂಪು ದೀಪ ಇರುವುದಿಲ್ಲ, ಜಲ್ಲೆ ಹೊರಗೆ ಚಾಚಿರುತ್ತದೆ, ಹತ್ತು ಮಾರು ಹತ್ತಿರ ಬರುವವರೆಗೆ ಕಾಣುವುದಿಲ್ಲ. ಹೈಬೀಮ್ ಹಾಕಿದರೆ ಮಂಜು ಇನ್ನೂ ಬೆಳ್ಳಗಾಗಿ ಏನೂ ಕಾಣದು. ಲೋಬೀಮ್‌ನಲ್ಲೇ ನಿಧಾನಕ್ಕೆ ಹೋಗಿ.

ಕಬ್ಬಿನ ಗದ್ದೆಯ ಬದುವಿನಲ್ಲಿ ನಸುಕಿನಲ್ಲಿ ಒಬ್ಬರೇ ನಡೆಯಬೇಡಿ. 2022ರ ಕೊನೆಯಲ್ಲಿ, 2023ರ ಜನವರಿಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಪ್ರಾಣ ಕಳೆದುಕೊಂಡಿದ್ದರು. ಚಿರತೆಗೆ ಕಬ್ಬು ಅಂದ್ರೆ ಕಾಡೇ. ಬಿಸಿಲು ಬಂದ ಮೇಲೆ ಏರಿಯ ಕಲ್ಲುಗಳ ಮೇಲೆ ಕೊಳಕುಮಂಡಲ ಮೈಕಾಯಿಸುತ್ತಾ ಮಲಗಿರುವುದೂ ಉಂಟು. ಕಣ್ಣು ಬೈನಾಕ್ಯುಲರ್‌ನಲ್ಲಿಟ್ಟು ಕಾಲು ಮುಂದಿಡುವ ಅಭ್ಯಾಸ ಇದ್ದವರು ಬಿಟ್ಟುಬಿಡಿ. ನಿಂತು ನೋಡಿ, ನೋಡಿ ಆದಮೇಲೆ ನಡೆಯಿರಿ.

ಮಂಜಿನಲ್ಲಿ ಮೊದಲು ಕಿವಿ

ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ, ನಿಮ್ಮ ಊರಿನ ಕೆರೆ, ಯಾವುದಾದರೂ ಸರಿ. ಮಂಜಿನಲ್ಲಿ ಸುತ್ತಾಡಬೇಡಿ. ನೀರಿಗೆ ಹತ್ತಿರದ ಒಂದು ಮರ ಹುಡುಕಿ, ಅದಕ್ಕೆ ಒರಗಿ ನಿಂತುಕೊಳ್ಳಿ. ಸೂರ್ಯ ಬೆನ್ನ ಹಿಂದೆ ಬರುವಂಥ ಜಾಗ ಆಗಬೇಕು, ಇಲ್ಲದಿದ್ದರೆ ಮಂಜು ತೆಳುವಾಗುವ ಹೊತ್ತಿಗೆ ಎದುರು ಬಿಸಿಲಿಗೆ ಎಲ್ಲಾ ಹಕ್ಕಿಯೂ ಕಪ್ಪು ಚುಕ್ಕೆ.

ಮೊದಲು ಕೇಳುವುದು ನಾಮಕೋಳಿಗಳ ಕಿರಿಕಿರಿ. ಆಮೇಲೆ ಜೊಂಡಿನ ಒಳಗಿಂದ ಕೆನ್ನೀಲಿ ಜಂಬುಕೋಳಿಯ ಕರ್ಕಶ ಕೂಗು. ಒಮ್ಮೊಮ್ಮೆ ಗುಳುಮುಳುಕ ಒಂದೇ ಉಸಿರಿನಲ್ಲಿ ಕಿಲಕಿಲ ಅಂತ ಉದ್ದಕ್ಕೆ ನಕ್ಕ ಹಾಗೆ ಕೂಗುತ್ತದೆ. ಅಷ್ಟು ಪುಟ್ಟ ಹಕ್ಕಿಗೆ ಅಷ್ಟು ದೊಡ್ಡ ಗಂಟಲು. ತಲೆಯ ಮೇಲೆ ಶಿಳ್ಳೆ ಹಾರಿಹೋದರೆ ಅದು ಶಿಳ್ಳೆಬಾತುಗಳ ಗುಂಪು, ರಾತ್ರಿಯೆಲ್ಲ ಗದ್ದೆಯಲ್ಲಿ ಮೇದು ಕೆರೆಗೆ ಮರಳುತ್ತಿರುತ್ತವೆ. ದಡದ ಮರಗಳಲ್ಲಿ ಸಣ್ಣಗೆ ಎರಡಕ್ಷರದ ಚೀ-ವಿಟ್ ಅಂತ ಕೇಳಿಸಿದರೆ ಎಲೆ ಉಲಿಯಕ್ಕಿ. ಉತ್ತರದಿಂದ ಚಳಿಗಾಲಕ್ಕೆ ಬಂದ ಅತಿಥಿ. ಎಲೆ ಯಾವುದು ಹಕ್ಕಿ ಯಾವುದು ಗೊತ್ತಾಗದ ಮೈಬಣ್ಣ, ಹಾಗಾಗಿ ಮಂಜು ಇಲ್ಲದ ದಿನವೂ ಅದನ್ನು ಕಿವಿಯಲ್ಲೇ ಗುರುತಿಸಬೇಕು.

ಕೇಳಿದ ಸದ್ದನ್ನು ದಿಕ್ಕಿನ ಜೊತೆ ಬರೆದುಕೊಳ್ಳಿ. 'ಎಡಗಡೆ ಜೊಂಡು, ಎರಡು ಕೂಗು' ಅಂತ ಇಷ್ಟು ಸಾಕು. ಮಂಜು ಕರಗಿದಾಗ ಎಲ್ಲಿ ನೋಡಬೇಕು ಅನ್ನುವ ನಕ್ಷೆ ನಿಮ್ಮ ಕೈಯಲ್ಲೇ ಇರುತ್ತದೆ.

ಬಿಸಿಲು ಬಿದ್ದ ಕೂಡಲೇ

ಇಡೀ ಬೆಳಗಿನಲ್ಲಿ ನೋಡಲೇಬೇಕಾದ ಹೊತ್ತು ಇದು. ಏಳೂವರೆಯಿಂದ ಒಂಬತ್ತೂವರೆ.

ಯಾಕೆ ಅಂತ ಸ್ವಲ್ಪ ಹೇಳಬೇಕು. ಹಕ್ಕಿಯ ಮೈ ನಮ್ಮದಕ್ಕಿಂತ ಬಿಸಿ, ಸುಮಾರು ನಲವತ್ತು, ನಲವತ್ತೆರಡು ಡಿಗ್ರಿ. ಹೊರಗೆ ಹನ್ನೊಂದು ಡಿಗ್ರಿ ಇರುವಾಗ ಆ ಕಾವನ್ನು ಇಡೀ ರಾತ್ರಿ ಹಿಡಿದಿಟ್ಟುಕೊಳ್ಳಬೇಕು. ಹತ್ತು ಗ್ರಾಮ್ ಕೂಡ ತೂಗದ ಸೂರಕ್ಕಿಗೆ ಇದು ಸಣ್ಣ ಕೆಲಸ ಅಲ್ಲ. ಹಿಂದಿನ ದಿನ ತಿಂದು ಕೂಡಿಟ್ಟದ್ದೆಲ್ಲ ಬೆಳಗಾಗುವಷ್ಟರಲ್ಲಿ ಖಾಲಿ. ಹುಳು ತಿನ್ನುವ ಹಕ್ಕಿಗಳಿಗೆ ಇನ್ನೂ ಒಂದು ಕಷ್ಟ, ಚಳಿಗೆ ಹುಳುಗಳೂ ಏಳುವುದಿಲ್ಲ. ದುಂಬಿ, ಜೇನು, ಏರೋಪ್ಲೇನ್ ಚಿಟ್ಟೆ ಹಾರಾಡಲು ಬಿಸಿಲು ಬೇಕು. ಊಟ ಹೊರಡುವ ಮೊದಲೇ ಹಾರಿ ಏನು ಪ್ರಯೋಜನ? ಹಾಗಾಗಿ ಅವು ಕಾಯುತ್ತವೆ. ಬಿಸಿಲು ಮೊದಲು ಬೀಳುವ ಜಾಗದಲ್ಲೇ ಕೂತು ಕಾಯುತ್ತವೆ. ನೋಡುವವರಿಗೆ ಇದಕ್ಕಿಂತ ಅನುಕೂಲ ಬೇಕಾ? ಪೂರ್ವಕ್ಕೆ ಮುಖ ಮಾಡಿದ ಒಣಕೊಂಬೆ, ವಿದ್ಯುತ್ ತಂತಿ, ಬೇಲಿ, ಹುಲ್ಲಿನ ಮೆದೆಯ ನೆತ್ತಿ, ಇಷ್ಟನ್ನು ಒಂದೊಂದಾಗಿ ನೋಡುತ್ತಾ ಹೋಗಿ.

ತಂತಿಯ ಮೇಲೆ ಕಳ್ಳಿಪೀರಗಳನ್ನು ಹುಡುಕಿ. ಹಸಿರು ಮೈ, ಕಣ್ಣಿಗೆ ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆ, ಬಾಲದ ನಡುವಿನಿಂದ ಚಾಚಿದ ಎರಡು ಸಣ್ಣ ಕಡ್ಡಿ. ರಾತ್ರಿ ಗುಂಪಾಗಿ ಮಲಗುವ ಹಕ್ಕಿ ಇದು. ಚಳಿಯ ಬೆಳಿಗ್ಗೆ ಸೂರ್ಯ ಹುಟ್ಟಿ ಎಷ್ಟೋ ಹೊತ್ತಾದರೂ ಭುಜಕ್ಕೆ ಭುಜ ಒತ್ತಿಕೊಂಡು ಸಾಲಾಗಿ ಕೂತೇ ಇರುತ್ತವೆ. ಒಂದು ಹತ್ತು ನಿಮಿಷ ಅಲ್ಲೇ ನಿಂತು ನೋಡಿ. ಸಾಲಿನ ತುದಿಯಲ್ಲಿದ್ದದ್ದಕ್ಕೆ ಒಂದು ಪಕ್ಕ ಚಳಿ. ಅದು ಮೆಲ್ಲಗೆ ಎದ್ದು, ಉಳಿದವುಗಳ ಬೆನ್ನ ಮೇಲಿಂದಲೇ ಹಾದು, ನಡುವೆ ತೂರಿಕೊಳ್ಳಲು ನೋಡುತ್ತದೆ. ಮಿಕ್ಕವು ಗೊಣಗಿಕೊಂಡು ಸರಿಯುತ್ತವೆ. ಈಗ ಇನ್ನೊಂದು ತುದಿಗೆ ಬಿತ್ತು. ಅದೂ ಏಳುತ್ತದೆ. ಸಿಟಿ ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಕೂತ ಹಾಗೆ. ಬಿಸಿಲು ಎದೆಗೆ ಬಿದ್ದ ಮೇಲೆ ಒಂದೊಂದೇ ಬೆನ್ನು ತಿರುಗಿಸಿ, ರೆಕ್ಕೆ ಸಡಿಲಬಿಟ್ಟು, ಬೆನ್ನಿನ ಗರಿ ಎಬ್ಬಿಸಿ ಕಾಯಿಸಿಕೊಳ್ಳುತ್ತವೆ. ಮೊದಲ ಹುಳು ಹಾರಿದ್ದೇ ತಡ, ಸಾಲು ಚದುರಿಹೋಗುತ್ತದೆ.

ಕೆಂಬೂತ ಸಾಮಾನ್ಯವಾಗಿ ಪೊದೆಯೊಳಗೇ ಅವಿತಿರುವ ಹಕ್ಕಿ. ಒಣಚಳಿಯ ದಿನ ಮಾತ್ರ ಬೇಲಿಯ ತುದಿಗೆ ಬಂದು ಇಟ್ಟಿಗೆ ಬಣ್ಣದ ಎರಡೂ ರೆಕ್ಕೆ ಅಗಲಿಸಿ ಬಿಸಿಲಿಗೆ ಒಡ್ಡಿಕೊಂಡು ಕೂರುತ್ತದೆ. ಆ ಕೆಂಪು ಕಣ್ಣನ್ನು ಸರಿಯಾಗಿ ನೋಡಬೇಕು ಅಂದ್ರೆ ಇದೇ ಸಮಯ. ಹಾಲಕ್ಕಿ ಎಂಬ ಪುಟ್ಟ ಗೂಬೆ ಪೊಟರೆಯ ಬಾಯಿಗೆ ಬಂದು ಕಣ್ಣು ಅರ್ಧ ಮುಚ್ಚಿ ಬಿಸಿಲು ಕಾಯಿಸುತ್ತದೆ. ಹರಟೆಮಲ್ಲಗಳು ಒಂದರ ಮೇಲೊಂದು ಬೀಳುವಷ್ಟು ಒತ್ತಾಗಿ ಕೂತು ಪರಸ್ಪರ ಗರಿ ತಿದ್ದುತ್ತವೆ. ಎಲ್ಲಾ ಹಕ್ಕಿಯೂ ದಪ್ಪಗೆ ಕಾಣುತ್ತದೆ. ಗರಿ ಉಬ್ಬಿಸಿ ಅದರ ನಡುವೆ ಗಾಳಿ ಹಿಡಿದಿಟ್ಟುಕೊಂಡಿರುವುದು ಅಷ್ಟೇ. ಹೊಸಬರು ಪುಸ್ತಕದ ಚಿತ್ರಕ್ಕೆ ಹೋಲಿಸಿ ತಬ್ಬಿಬ್ಬಾಗುವುದು ಇಲ್ಲೇ. ಮೈಯಾಕಾರ ನಂಬಬೇಡಿ. ಕೊಕ್ಕು, ಕಣ್ಣಿನ ಗೆರೆ, ಬಾಲ ಇವನ್ನು ನೋಡಿ.

ಹದ್ದು, ಗರುಡ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಇವೆಲ್ಲ ಇನ್ನೂ ತಡ. ಇವಕ್ಕೆ ಮೇಲೇರಲು ನೆಲ ಕಾದು ಏಳುವ ಬಿಸಿಗಾಳಿ ಬೇಕು. ಅದು ಹತ್ತು ಗಂಟೆಗೆ ಮೊದಲು ಸಿಗುವುದು ಕಷ್ಟ. ಅಲ್ಲಿಯವರೆಗೆ ಹೆಜ್ಜಾರ್ಲೆಗಳು ಮರದ ಮೇಲೇ ಕೂತು ಚೀಲದಂಥ ಗಂಟಲು ಜೋಲಾಡಿಸುತ್ತಾ ಗರಿ ತಿದ್ದಿಕೊಳ್ಳುತ್ತವೆ. ಕೊಕ್ಕರೆ ಬೆಳ್ಳೂರಿಗೆ ಹೋಗುವವರು ನಸುಕಿನಲ್ಲೇ ಓಡಬೇಕಿಲ್ಲ ಅಂತ ಹೇಳಲು ಇದೇ ಕಾರಣ. ಮದ್ದೂರಿನಲ್ಲಿ ತಿಂಡಿ ಮುಗಿಸಿ ಒಂಬತ್ತಕ್ಕೆ ಊರು ಸೇರಿ. ಮನೆಗಳ ನಡುವಿನ ಹುಣಸೆ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆಗಳು ಅಲ್ಲೇ ಇರುತ್ತವೆ. ಹತ್ತರ ನಂತರ ಒಂದೊಂದೇ ಮೇಲೆದ್ದು ಸುತ್ತು ಹಾಕುತ್ತಾ, ರೆಕ್ಕೆ ಬಡಿಯದೆ ಎತ್ತರಕ್ಕೆ ಹೋಗುವುದನ್ನು ತಲೆಯೆತ್ತಿ ನೋಡಬಹುದು. ಮೈಸೂರಿನ ಕಾರಂಜಿ ಕೆರೆಯ ಗೇಟು ತೆರೆಯುವುದೇ ಎಂಟೂವರೆಗೆ. ಚಳಿಗಾಲದಲ್ಲಿ ಅದರಿಂದ ಏನೂ ನಷ್ಟ ಇಲ್ಲ. ಮಂಗಳವಾರ ರಜೆ ಅನ್ನೋದು ನೆನಪಿರಲಿ.

ಬಾತುಗಳಿಗೆ ಹಗಲೇ ರಾತ್ರಿ

ಚಳಿಗಾಲದ ದೊಡ್ಡ ಆಕರ್ಷಣೆ ವಲಸೆ ಬಾತುಗಳು. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಸಲಿಕೆಯಂಥ ಕೊಕ್ಕಿನ ಬಾತು. ಎಲ್ಲಕ್ಕಿಂತ ಹೆಚ್ಚಾಗಿ ಪಟ್ಟೆತಲೆ ಹೆಬ್ಬಾತು. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆ ಇದಕ್ಕೆ ಹೆಸರುವಾಸಿ. ಒಡೆಯರ ವಂಶದ ಮೂಲದ ಕಥೆಯಲ್ಲಿ ಬರುವ ಹದಿನಾಡು ಇದೇ ಎನ್ನುತ್ತಾರೆ. ಹಕ್ಕಿ ನೋಡುವವರಿಗೆ ಮಾತ್ರ ಈ ಊರು ಅಂದ್ರೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಹಾರುವಾಗ 7,000 ಮೀಟರಿಗೂ ಮೇಲೆ ಹೋದದ್ದು ದಾಖಲಾಗಿದೆ. ಅಷ್ಟೆತ್ತರದ ತೆಳುಗಾಳಿಯಿಂದಲೂ ಆಮ್ಲಜನಕ ಹಿಡಿದುಕೊಳ್ಳುವಂಥ ರಕ್ತ ಅವುಗಳದ್ದು. ನಮ್ಮ ಹನ್ನೆರಡು ಡಿಗ್ರಿ ಅವಕ್ಕೆ ಚಳಿಯೇ ಅಲ್ಲ.

ಇವುಗಳ ದಿನಚರಿ ತಿಳಿದುಕೊಂಡು ಹೋಗಿ. ಸಂಜೆಯಾಗುತ್ತಲೇ ಕೆರೆ ಬಿಟ್ಟು ಹೊಲ ಗದ್ದೆಗಳಿಗೆ ಹೋಗುತ್ತವೆ. ಕೊಯ್ಲಾದ ಗದ್ದೆಯಲ್ಲಿ ಉದುರಿದ ಕಾಳು, ಎಳೇ ಹುಲ್ಲು ಮೇಯುತ್ತವೆ. ಬೆಳಿಗ್ಗೆ ಗುಂಪು ಗುಂಪಾಗಿ ಕೆರೆಗೆ ವಾಪಸ್. ಆ ಮೇಲೆ ಹಗಲೆಲ್ಲ ನೀರಿನಲ್ಲಿ, ಕೆಸರು ದಡದಲ್ಲಿ ನಿದ್ದೆ. ಹಾಗಾಗಿ ನೋಡಲು ಎರಡು ಹೊತ್ತು ಒಳ್ಳೆಯದು. ಬೆಳಿಗ್ಗೆ ಇಳಿಯುವಾಗ, ಸಂಜೆ ಏಳುವಾಗ. ಬಂದವರೇ ದಡದ ಒಂದು ಮೂಲೆಯಲ್ಲಿ ಕೂತುಬಿಡಿ. ಮೊದಲು ಮೂಗಿನಲ್ಲಿ ಮಾತಾಡಿದ ಹಾಗೆ ಆಂಗ್ ಆಂಗ್ ಅನ್ನುವ ಸದ್ದು ಕೇಳುತ್ತದೆ. ಆಮೇಲೆ ಆಕಾಶದಲ್ಲಿ ಗೆರೆ. ಕೆರೆಯ ಮೇಲೆ ಬಂದ ಮೇಲೆ ಗೆರೆ ಮುರಿದು, ಕಾಲು ಮುಂದೆ ಚಾಚಿ, ಧಪಧಪ ಇಳಿಯುತ್ತವೆ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ ಇರುವುದನ್ನು ಆಗ ನೋಡಿ. ಯಾವುದಾದರೂ ಹಕ್ಕಿಯ ಕುತ್ತಿಗೆಯಲ್ಲಿ ಬಣ್ಣದ ಕಾಲರ್ ಕಂಡರೆ ಅದರ ಮೇಲಿನ ಅಕ್ಷರ ಸಂಖ್ಯೆ ಬರೆದುಕೊಳ್ಳಿ, ಸಾಧ್ಯವಾದರೆ ಫೋಟೊ ತೆಗೆಯಿರಿ. ಮಂಗೋಲಿಯಾದಲ್ಲಿ ಕಾಲರ್ ಹಾಕಿದ ಹೆಬ್ಬಾತುಗಳು ಇಲ್ಲಿ ಸಿಕ್ಕಿವೆ.

ನಿದ್ದೆ ಮಾಡುವ ಬಾತುಗಳನ್ನು 'ಏನೂ ಮಾಡುತ್ತಿಲ್ಲ' ಅಂತ ಬಿಟ್ಟು ಮುಂದೆ ಹೋಗಬೇಡಿ. ಒಂದು ಕಾಲು ಗರಿಯೊಳಗೆ ಅಡಗಿಸಿರುತ್ತದೆ, ಕೊಕ್ಕು ಬೆನ್ನಿನ ಗರಿಯೊಳಗೆ. ಗರಿ ಇಲ್ಲದ ಭಾಗಗಳಿಂದಲೇ ಕಾವು ಸೋರುವುದು, ಅದಕ್ಕೆ ಈ ಉಪಾಯ. ಇನ್ನು ನೀರಿನಲ್ಲಿರುವ ಕಾಲು? ಕೆಳಗೆ ಇಳಿಯುವ ಬಿಸಿ ರಕ್ತ, ಮೇಲೆ ಬರುವ ತಣ್ಣನೆ ರಕ್ತದ ಪಕ್ಕದಲ್ಲೇ ಹರಿದು ತನ್ನ ಕಾವನ್ನು ಅದಕ್ಕೆ ಕೊಟ್ಟುಬಿಡುತ್ತದೆ. ಪಾದ ತಣ್ಣಗಿರುತ್ತದೆ, ಮೈ ಬೆಚ್ಚಗಿರುತ್ತದೆ. ಗುಂಪಿನ ಅಂಚಿನಲ್ಲಿರುವ ಬಾತಿನ ಕಣ್ಣನ್ನು ದೂರದಿಂದಲೇ ಗಮನಿಸಿ. ಒಂದು ಕಣ್ಣು ತೆರೆದೇ ಇರುತ್ತದೆ. ಮಿದುಳಿನ ಅರ್ಧ ಮಲಗಿಸಿ ಅರ್ಧ ಎಚ್ಚರ ಇಟ್ಟುಕೊಳ್ಳುವುದು ಬಾತುಗಳಿಗೆ ಗೊತ್ತು.

ಆ ತೆರೆದ ಕಣ್ಣೇ ನಿಮಗೆ ಗಡಿ. ಒಂದು ಹಕ್ಕಿ ತಲೆ ಎತ್ತಿದರೆ ಅಲ್ಲೇ ನಿಲ್ಲಿ. ನಾಲ್ಕಾರು ತಲೆ ಎದ್ದು ಕುತ್ತಿಗೆ ಉದ್ದವಾದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ, ಹಿಂದಕ್ಕೆ ಸರಿಯಿರಿ. ಈಜುತ್ತಾ ದೂರ ಸರಿಯತೊಡಗಿದರೆ ಇನ್ನೊಂದು ಹೆಜ್ಜೆಗೆ ಹಾರುತ್ತವೆ. ಸಾವಿರ ಹಕ್ಕಿ ಒಟ್ಟಿಗೆ ಏಳುವುದು ಫೋಟೊಗೆ ಚೆಂದ ಇರಬಹುದು. ಅದಕ್ಕಾಗಿ ಚಪ್ಪಾಳೆ ತಟ್ಟುವವರನ್ನೂ, ಡ್ರೋನ್ ಬಿಡುವವರನ್ನೂ ನೋಡಿದ್ದೇನೆ. ಮೈ ಬಿಸಿಗೆ ಕೂಡಿಟ್ಟ ಕೊಬ್ಬನ್ನು ನಮ್ಮ ಫೋಟೊಗೆ ಸುಡಿಸುವುದು ಯಾವ ಸೀಮೆಯ ಹವ್ಯಾಸ?

ಗದ್ದೆ ಬಯಲು

ಕೆರೆ ಒಂದೇ ಅಲ್ಲ. ಹತ್ತು ಗಂಟೆಯ ಮೇಲೆ ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ಗದ್ದೆಗಳಿಗೆ ಬನ್ನಿ. ಡಿಸೆಂಬರ್ ಅಂದ್ರೆ ಭತ್ತದ ಕೊಯ್ಲು. ಕಟಾವು ಯಂತ್ರ ನಡೆಯುತ್ತಿರುವ ಗದ್ದೆ ಸಿಕ್ಕಿದರೆ ಅಲ್ಲೇ ಗಾಡಿ ನಿಲ್ಲಿಸಿ. ಯಂತ್ರದ ಹಿಂದೆ ಬೆಳ್ಳಕ್ಕಿ, ಗೋವಕ್ಕಿಗಳ ಮೆರವಣಿಗೆ. ಮೇಲೆ ಕಾಜಾಣಗಳು. ಚಳಿಗೆ ಅಡಗಿದ್ದ ಮಿಡತೆ, ಕಪ್ಪೆ ಎಲ್ಲ ಒಮ್ಮೆಲೇ ಹೊರಬೀಳುತ್ತವೆ. ಕೂಳೆ ಬಿಟ್ಟ ಗದ್ದೆಯ ಮೇಲೆ ತಗ್ಗಿನಲ್ಲಿ, ರೆಕ್ಕೆ ತುಸು ಎತ್ತಿ ಹಿಡಿದು ತೇಲುತ್ತಾ ಹೋಗುವ ದೊಡ್ಡ ಹಕ್ಕಿ ಕಂಡರೆ ಅದು ಜೌಗು ಸೆಳೆವ ಎಂಬ ಬೇಟೆ ಹಕ್ಕಿ. ಅದೂ ಚಳಿಗಾಲದ ಅತಿಥಿಯೇ. ಅದು ಬಂದ ಕೂಡಲೇ ನೆಲದಿಂದ ಗದ್ದೆ ಗೊರವಗಳು, ಟಿಟ್ಟಿಭಗಳು ಗಾಬರಿಯಾಗಿ ಏಳುತ್ತವೆ. ಅದುವರೆಗೆ ನಿಮಗೆ ಕಾಣದೇ ಇದ್ದ ಹಕ್ಕಿಗಳ ಲೆಕ್ಕ ಆಗ ಸಿಗುತ್ತದೆ.

ಬದುವಿನ ಮೇಲೆ ಬಾಲ ಕುಣಿಸುತ್ತಾ ಓಡುವುದು ಸಿಪಿಲೆ, ಹಳ್ಳಿಯವರು ಕುಂಡೆಕುಸ್ಕ ಅನ್ನುತ್ತಾರೆ. ನೋಡಿದರೆ ಹೆಸರಿಗೆ ವಿವರಣೆ ಬೇಡ. ಜಮೀನಿನವರನ್ನು ಒಂದು ಮಾತು ಕೇಳಿ ಗದ್ದೆಗೆ ಇಳಿಯಿರಿ. 'ಅಣ್ಣ, ಹಕ್ಕಿ ನೋಡ್ಕೊಂಡ್ ಹೋಗ್ತೀವಿ' ಅಂದ್ರೆ ಬೇಡ ಅನ್ನುವವರು ಕಡಿಮೆ. ಯಾವ ಕಡೆ ಯಾವ ಹಕ್ಕಿ ಬರುತ್ತದೆ ಅಂತ ಅವರೇ ತೋರಿಸುತ್ತಾರೆ. ನಿಮ್ಮ ಆ್ಯಪ್‌ಗಿಂತ ಅವರಿಗೆ ಜಾಸ್ತಿ ಗೊತ್ತು.

ಸೈಕ್ಲೋನ್ ಮಳೆಯ ದಿನ

ಇದು ಬೇರೆಯದೇ ಲೆಕ್ಕ. ಬಿಸಿಲೇ ಇಲ್ಲ, ಹಾಗಾಗಿ ಬಿಸಿಲಿಗೆ ಕಾಯುವುದೂ ಇಲ್ಲ. ಮಳೆ ಬಿಡುವು ಕೊಟ್ಟ ಹತ್ತು ಇಪ್ಪತ್ತು ನಿಮಿಷವೇ ಹಕ್ಕಿಗಳಿಗೆ ಊಟದ ಸಮಯ. ಅದು ಬೆಳಿಗ್ಗೆ ಎಂಟಕ್ಕೂ ಆಗಬಹುದು, ಮಧ್ಯಾಹ್ನ ಎರಡಕ್ಕೂ ಆಗಬಹುದು. ಅದಕ್ಕೇ ಅಂಥ ದಿನ ದೂರ ಹೋಗಬೇಡಿ. ಮನೆಯ ಟೆರೇಸು, ಬಾಲ್ಕನಿ, ಬೀದಿ ಕೊನೆಯ ಪಾರ್ಕು ಸಾಕು.

ಮಳೆ ನಿಂತ ಕೂಡಲೇ ಪಿಕಳಾರ, ಮಡಿವಾಳ, ಸೂರಕ್ಕಿಗಳು ಒಮ್ಮೆಲೇ ಹೊರಬರುತ್ತವೆ. ಎಲೆ ಉಲಿಯಕ್ಕಿ ಕೈಗೆಟಕುವಷ್ಟು ತಗ್ಗಿಗೆ ಇಳಿಯುತ್ತದೆ, ಹುಳುಗಳೆಲ್ಲ ಎಲೆಯಡಿಯಲ್ಲಿ ಅಡಗಿರುವುದರಿಂದ. ಕೆರೆ ಪಕ್ಕದಲ್ಲೇ ಮನೆ ಇದ್ದವರು ಕವಲುತೋಕೆಗಳನ್ನು ನೋಡಿ. ಬೇರೆ ದಿನ ಎತ್ತರದಲ್ಲಿ ಹಾರಾಡುವ ಇವು ಥಂಡಿಯಲ್ಲಿ ನೀರಿಗೆ ತಾಗುವಷ್ಟು ಕೆಳಗೆ ಹಾರುತ್ತವೆ. ಹುಳುಗಳು ಕೆಳಗಿರುತ್ತವೆ, ಹಕ್ಕಿಯೂ ಕೆಳಗೆ. ನೀಲಿ ಬೆನ್ನು, ಕಂದು ಗಂಟಲು, ಕತ್ತರಿ ಬಾಲ ಎಲ್ಲ ಬರಿಗಣ್ಣಿಗೇ ಕಾಣುತ್ತದೆ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳಲು ಕೂತಿರುತ್ತದೆ. ಮತ್ತೆ ಮಳೆ ಬರುತ್ತದೆ. ಪಾಪ, ಬಿಚ್ಚಿದ್ದೇ ಬಂತು.

ನವೆಂಬರಿನ ಸೈಕ್ಲೋನಾದರೆ ಹಿತ್ತಲಲ್ಲಿ ಬಿದ್ದ ಎಲೆಗಳ ಮೇಲೂ ಕಣ್ಣಿಡಿ. ರಾತ್ರಿ ವಲಸೆ ಹೋಗುವ ನವರಂಗ (ಪಿಟ್ಟಾ) ಸುಸ್ತಾಗಿ ಊರೊಳಗಿನ ತೋಟಕ್ಕೆ ಇಳಿಯುವುದುಂಟು. ಗಾಜಿನ ಕಿಟಕಿಗೆ ಬಡಿದು ಬೀಳುವುದೂ ಉಂಟು. ಅಂಥದ್ದು ಸಿಕ್ಕರೆ ನೀರು ಕುಡಿಸಲು ಹೋಗಬೇಡಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿ, ಬೆಕ್ಕಿಗೆ ಸಿಗದ ಹಾಗೆ ಒಂದೆರಡು ಗಂಟೆ ಇಡಿ. ಚೇತರಿಸಿಕೊಂಡರೆ ತಾನೇ ಸದ್ದು ಮಾಡುತ್ತದೆ. ಆಗ ಅದೇ ಜಾಗದಲ್ಲಿ ಬಿಟ್ಟುಬಿಡಿ. ಏಳದಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಮಳೆ ಬಿಟ್ಟು ಮೊದಲ ಬಿಸಿಲು ಬಂದ ದಿನ ರಜೆ ಹಾಕಲು ಸಾಧ್ಯವಿದ್ದರೆ ಹಾಕಿ. ಹಸಿದ ಹಕ್ಕಿಗಳೆಲ್ಲ ಅವತ್ತು ಇಡೀ ದಿನ ಹೊರಗಿರುತ್ತವೆ. ದೊಡ್ಡ ಹಿನ್ನೀರುಗಳನ್ನು ಅವತ್ತು ಬಿಡಬೇಡಿ. ಚಂಡಮಾರುತ ಒಮ್ಮೊಮ್ಮೆ ಸಮುದ್ರದ ರೀವ (ಟರ್ನ್) ಹಕ್ಕಿಗಳನ್ನು ಒಳನಾಡಿನವರೆಗೂ ತಳ್ಳುತ್ತದೆ. ರಂಗನತಿಟ್ಟಿಗೆ ಹೋಗುವವರು ಮೊದಲು ಫೋನ್ ಮಾಡಿ ವಿಚಾರಿಸಿ. ಕಾವೇರಿಯಲ್ಲಿ ನೀರು ಜಾಸ್ತಿ ಬಿಟ್ಟಿದ್ದರೆ ದೋಣಿ ಬಿಡುವುದಿಲ್ಲ.

ಬೇಡದ ಕೆಲಸಗಳು

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಬೇಡ. ಚಳಿಯಲ್ಲಿ ಊಟ ಬಿಟ್ಟು ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಅಲೆಯುತ್ತದೆ. ಕೆರೆ ಬಾತುಗಳಿಗೆ ಬ್ರೆಡ್ಡು, ಮಂಡಕ್ಕಿ ಬೇಡ. ಪಾರಿವಾಳಕ್ಕೆ ಮೂಟೆಗಟ್ಟಲೆ ಜೋಳ ಸುರಿಯುವುದನ್ನು ನಾನು ಹಕ್ಕಿಪ್ರೀತಿ ಅನ್ನುವುದಿಲ್ಲ. ಏನಾದರೂ ಮಾಡಲೇಬೇಕು ಅನ್ನಿಸಿದರೆ ಹಿತ್ತಲಿನ ಒಣಎಲೆ ಗುಡಿಸಿ ಬೆಂಕಿ ಹಾಕುವುದನ್ನು ಫೆಬ್ರವರಿವರೆಗೆ ನಿಲ್ಲಿಸಿ. ಆ ಎಲೆಯಡಿಯ ಹುಳುಗಳೇ ಎಷ್ಟೋ ಹಕ್ಕಿಗೆ ಬೆಳಗಿನ ತಿಂಡಿ.

ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ, ಮಕ್ಕಳಿಗೂ ಮುಟ್ಟಲು ಬಿಡಬೇಡಿ. ಒಂದೇ ಕಡೆ ಎರಡು ಮೂರು ಸತ್ತಿದ್ದರೆ ಅರಣ್ಯ ಇಲಾಖೆಗೆ ತಕ್ಷಣ ತಿಳಿಸಿ. 2017ರ ಜನವರಿಯಲ್ಲಿ ಹಕ್ಕಿಜ್ವರದ ಕಾರಣಕ್ಕೆ ಮೈಸೂರು ಮೃಗಾಲಯವನ್ನೇ ತಿಂಗಳ ಕಾಲ ಮುಚ್ಚಬೇಕಾಯಿತು. ಕೆಸರಿನ ಬೂಟನ್ನು ಮನೆಯೊಳಗೆ ತರುವ ಮೊದಲು, ಮನೆಯಲ್ಲಿ ಕೋಳಿ ಇದ್ದರೆ ಅದರ ಗೂಡಿನ ಹತ್ತಿರ ಹೋಗುವ ಮೊದಲು, ತೊಳೆದುಬಿಡಿ.

ಬರೆ, ಒಣಗಿಸು

ಮನೆಗೆ ಬಂದ ದಿನವೇ ಪಟ್ಟಿ ಬರೆದಿಡಿ. ಹಕ್ಕಿ ನೋಡುವವರ ಪಟ್ಟಿ ಕೂಡಿಡುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದರೆ ಇನ್ನೂ ಒಳ್ಳೆಯದು. ಹಕ್ಕಿಯ ಹೆಸರು, ಸಂಖ್ಯೆಯ ಜೊತೆಗೆ ಆ ದಿನದ ಕನಿಷ್ಠ ಉಷ್ಣಾಂಶ, ಮಂಜು ಎಷ್ಟು ಗಂಟೆಗೆ ಕರಗಿತು, ಮೊದಲ ಕಳ್ಳಿಪೀರ ಎಷ್ಟು ಗಂಟೆಗೆ ತಂತಿ ಬಿಟ್ಟು ಹಾರಿತು ಅಂತ ಒಂದು ಸಾಲು ಸೇರಿಸಿ. ಮುಂದಿನ ಸಲ ಎಷ್ಟೊತ್ತಿಗೆ ಹೊರಡಬೇಕು ಅಂತ ಆ ಸಾಲೇ ಹೇಳುತ್ತದೆ. ಪ್ರತಿ ಜನವರಿಯಲ್ಲಿ ಏಷ್ಯಾದ ಉದ್ದಗಲಕ್ಕೂ ನೀರುಹಕ್ಕಿಗಳ ಗಣತಿ ನಡೆಯುತ್ತದೆ, ನಮ್ಮ ಕೆರೆಗಳಲ್ಲೂ ನಡೆಯುತ್ತದೆ. ಬಾತು ಎಣಿಸುವುದನ್ನು ಕಲಿಯಬೇಕು ಅನ್ನುವವರು ಆ ತಂಡಗಳ ಜೊತೆ ಒಂದು ಬೆಳಿಗ್ಗೆ ಹೋಗಿ. ಹತ್ತು ಹಕ್ಕಿಯ ಗುಂಪು ಎಷ್ಟು ಅಗಲ ಕಾಣುತ್ತದೆ ಅಂತ ಮೊದಲು ಕಣ್ಣಿಗೆ ಹಿಡಿಸಿಕೊಂಡು, ಆ ಅಳತೆಯಲ್ಲೇ ಸಾವಿರ ಎಣಿಸುವುದನ್ನು ಅವರು ಹೇಳಿಕೊಡುತ್ತಾರೆ.

ಬೈನಾಕ್ಯುಲರನ್ನು ಮಾತ್ರ ಒದ್ದೆಯಾಗಿಯೇ ಚೀಲಕ್ಕೆ ತುರುಕಿ ಬೀರುವಿನಲ್ಲಿ ಇಡಬೇಡಿ. ಮಸೂರದೊಳಗೆ ಬೂಷ್ಟು ಹಿಡಿದರೆ ರಿಪೇರಿಗೆ ಕೊಂಡಷ್ಟೇ ಖರ್ಚು. ಚೀಲದ ಹೊರಗೇ ಫ್ಯಾನಿನ ಕೆಳಗೆ ಒಂದು ರಾತ್ರಿ ಒಣಗಲಿ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಹೊಸ ಚಪ್ಪಲಿ, ಶೂ ಡಬ್ಬಿಯಲ್ಲಿ ಬರುತ್ತವಲ್ಲ, ಅವೇ ಸಾಕು.